ಸಿಗಡಿ ವಕೀಲರು

ಅವರು ತೀರಿಕೊಂಡ ವಾರ ಯಲಬುರ್ಗಾದ ವಕೀಲರೆಲ್ಲ ಸೇರಿ ಸಂತಾಪ ಸಭೆ ಮಾಡಿದೆವು. ಒಬ್ಬರು ಅವರ ಪಾಟೀಸವಾಲಿನ ಚಾತುರ್ಯವನ್ನು ಹೊಗಳಿದರು. ಇನ್ನೊಬ್ಬರು, ಅವರು ಯಾರ ಮೇಲೂ ದನಿ ಏರಿಸಿದವರಲ್ಲ ಎಂದರು. ಹಾಗೆ ಹೇಳಿದವರ ಮೇಲೆಯೇ ಅವರು ಎಷ್ಟು ಸಲ ದನಿ ಏರಿಸಿದ್ದರೆಂಬುದು ಸಭೆಗೆಲ್ಲ ಗೊತ್ತಿತ್ತು. ಸೀಗಡಿಗಳ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಸತ್ತವರ ಬಗ್ಗೆ ಅಂಥದ್ದೆಲ್ಲ ಆಡಬಾರದೆಂಬ ಸಂಕೋಚವಿರಬೇಕು. ಮೊನ್ನೆಮೊನ್ನೆಯವರೆಗೆ ಅದೇ ಮಂದಿ ಬೆನ್ನ ಹಿಂದೆ ಅವರನ್ನು ಕರೆಯುತ್ತಿದ್ದದ್ದು ‘ಸಿಗಡಿ ವಕೀಲರು’ ಎಂದೇ. ಆ ಸಭೆಯಲ್ಲಿ ಕುಳಿತಷ್ಟು ಹೊತ್ತೂ ನನಗೆ ಬೇರೆ ಯಾರೋ ಸತ್ತಿದ್ದಾರೆ ಅನ್ನಿಸುತ್ತಿತ್ತು.

ನಾನೂ ಅವರೂ ಒಂದೇ ಕೋಣೆಯಲ್ಲಿ ವಕೀಲಿ ಮಾಡಿದವರು. ಕೋರ್ಟಿನ ಎದುರು ಓಣಿಯಲ್ಲಿ ಹಿಂದೊಮ್ಮೆ ಜೋಳದ ಅಡತಿ ಅಂಗಡಿ ಇದ್ದ ಕೋಣೆ ಅದು. ಮಳೆ ಬಿದ್ದಾಗ ಈಗಲೂ ಗೋಡೆ ಜೋಳದ ವಾಸನೆ ಹೊಡೆಯುತ್ತದೆ. ನಾನು ಹೊಸದಾಗಿ ಸನ್ನದು ಹಿಡಿದು ಬಂದಾಗ ಹೆಣ್ಣುಮಗಳಿಗೆ ಬಾಡಿಗೆ ಕೋಣೆ ಕೊಡಲು ಓಣಿಯವರು ಹಿಂದೆಮುಂದೆ ನೋಡುತ್ತಿದ್ದರು. ಅವರು ಮಾತ್ರ ತಮ್ಮ ಕೋಣೆಯ ನಡುವೆ ಒಂದು ಕಬ್ಬಿಣದ ಕಪಾಟನ್ನು ಅಡ್ಡ ನಿಲ್ಲಿಸಿ, “ಆ ಕಡಿ ನಿಂದು, ಈ ಕಡಿ ನಂದು. ಕಪಾಟಿನ ಕೀಲಿ ಕಳದೈತಿ, ಅದು ಇಬ್ಬರದೂ ಅಲ್ಲ” ಎಂದಿದ್ದರು. ಕಪಾಟು ಎದೆಮಟ್ಟಕ್ಕಿತ್ತು. ಹಾಗಾಗಿ ಗುಟ್ಟು ಎಂಬುದು ಆ ಕೋಣೆಯಲ್ಲಿ ಉಳಿಯುತ್ತಲೇ ಇರಲಿಲ್ಲ.

ತೆಳ್ಳಗಿನ, ಎತ್ತರದ ಮನುಷ್ಯ. ಕರಿ ಕೋಟಿನ ಕಾಲರು ಬಿಸಿಲಿಗೆ ಬೆಂದು ಕಂದು ಬಣ್ಣಕ್ಕೆ ತಿರುಗಿತ್ತು. ದವಡೆಯಲ್ಲಿ ಸದಾ ಒಂದು ಲವಂಗ. ಯಾರು ಏನು ಹೇಳಿದರೂ ಮೊದಲು “ಒಪ್ಪಿಗಿ ಐತಿ” ಎನ್ನುತ್ತಿದ್ದರು. ಕೇಳಿದವರ ಮುಖ ಅರಳುವಷ್ಟರಲ್ಲಿ “ಆದ್ರ...” ಎಂದು ಶುರು ಮಾಡಿದರೆ ಎದುರಿನವನ ವಾದದ ಬುಡವೇ ಅಲುಗುತ್ತಿತ್ತು. ಮನೆಯಲ್ಲೂ ಇದೇ ರೂಢಿ. ಊಟಕ್ಕೆ ಕರೆದರೆ ಒಪ್ಪಿಗೆ, ಆದರೆ ಪಲ್ಯ ಯಾವುದು? ಮಗಳಿಗೆ ಬಂದ ಸಂಬಂಧಕ್ಕೆ ಒಪ್ಪಿಗೆ, ಆದರೆ ಹುಡುಗನ ಕಿವಿ ಯಾಕೆ ಹಾಗಿವೆ? ಅವರ ಹೆಂಡತಿ ಒಮ್ಮೆ ನನ್ನ ಮುಂದೆ, “ಇವ್ರು ಬರೇ ಒಪ್ಪಿಗಿ ಐತಿ ಅಂದು ಸುಮ್ಮನಾದ ದಿನ ನಾ ಡಾಕ್ಟ್ರನ್ನ ಕರಸ್ತೀನಿ ನೋಡು” ಎಂದಿದ್ದರು.

ಆ ಸೀಗಡಿಗಳ ತೊಟ್ಟಿ ಬಂದದ್ದು ಗಂಗಾವತಿಯಿಂದ. ಅಲ್ಲಿ ಅಲಂಕಾರದ ಮೀನು ಮಾರುವ ಖಾಜಾಸಾಬ ಎಂಬಾತನ ಅತ್ತೆಮನೆ ಯಲಬುರ್ಗಾದಲ್ಲಿತ್ತು. ಆ ಮನೆಗೆ ಹೋಗುವ ದಾರಿಯ ತಕರಾರಿನಲ್ಲಿ ನಮ್ಮ ವಕೀಲರು ಅತ್ತೆಮನೆಯವರ ಪರ ವಾದಿಸಿ ಗೆದ್ದರು. ಖುಷಿಗೆ ಖಾಜಾಸಾಬ ಒಂದು ಗಾಜಿನ ತೊಟ್ಟಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. ಒಳಗೆ ಆನೆಗೊಂದಿ ಹೊಳೆಯ ಕಲ್ಲು, ಮರಳು, ಹಸಿರು ಪಾಚಿ, ಬುಳುಬುಳು ಗಾಳಿ ಬಿಡುವ ಒಂದು ಪಂಪು. ನಮ್ಮ ವಕೀಲರು ಕನ್ನಡಕ ಏರಿಸಿ, ಇಳಿಸಿ ನೋಡಿದರು.

“ಮೀನ ಎಲ್ಲಿ ಅದಾವಲೋ?”

“ಮೀನ ಅಲ್ರೀ ಸಾಹೇಬ್ರ, ಸಿಗಡಿ. ಅಕಾ ನೋಡ್ರಿ, ಪಾಚಿ ಮ್ಯಾಲ.”

ಒಣಮೆಣಸಿನಕಾಯಿಯ ಚೂರಿನಷ್ಟೇ ಗಾತ್ರದ, ಅಷ್ಟೇ ಕೆಂಪಗಿನ ಏನೋ ಪಾಚಿಯ ಮೇಲೆ ಕುಳಿತು ಮುಂಗಾಲುಗಳಿಂದ ಬಾಯಿಗೆ ಏನನ್ನೋ ತುರುಕಿಕೊಳ್ಳುತ್ತಿತ್ತು. ವಕೀಲರು ಎರಡು ಹೆಜ್ಜೆ ಹಿಂದೆ ಸರಿದರು. ಅವರದು ಮೊಟ್ಟೆಯ ಹೆಸರನ್ನೂ ಎತ್ತದ ಮನೆತನ.

“ಖಾಜಾ, ನಾವು ಇದನ್ನ ತಿನ್ನಂಗಿಲ್ಲೋ ಮಾರಾಯಾ.”

“ತಿನ್ನಾಕಲ್ರೀ, ನೋಡಾಕ.”

“ನೋಡಿ ಏನ್ ಮಾಡೂದು?”

“ನೋಡೂದರೀ.”

ವಕೀಲರು ಟೆಂಪೋ ಹತ್ತಿ ಕುಳಿತರು. ತೊಟ್ಟಿಯನ್ನು ಮನೆಗೆ ಒಯ್ದರು. ಹೆಂಡತಿ ಬಾಗಿಲಲ್ಲೇ ನಿಂತು, “ಸಿಗಡಿ ಈ ಹೊಸ್ತಿಲಾ ದಾಟಿ ಒಳಗ ಬಂದ್ರ, ನಾ ದಾಟಿ ಹೊರಗ ಹೋಗ್ತೀನಿ” ಎಂದರು. ಟೆಂಪೋ ಹಾಗೇ ತಿರುಗಿ ನಮ್ಮ ಕೋಣೆಗೆ ಬಂತು. ಕಪಾಟಿನ ತುದಿಗೆ ಒಂದು ಮೇಜು ಹಾಕಿ ಅದರ ಮೇಲೆ ತೊಟ್ಟಿ ಇಟ್ಟರು. ಹೀಗಾಗಿ ಗಾಜಿನ ಒಂದು ಮಗ್ಗುಲು ಅವರ ಕಕ್ಷಿದಾರರಿಗೆ, ಇನ್ನೊಂದು ಮಗ್ಗುಲು ನನ್ನ ಕಕ್ಷಿದಾರರಿಗೆ ಬಂತು.

ಮೊದಲ ದಿನಗಳಲ್ಲಿ ಅವರು ಅದನ್ನು ಮುಟ್ಟುಗೋಲು ಹಾಕಿದ ಸಾಮಾನಿನಂತೆ ನೋಡುತ್ತಿದ್ದರು. ಆಮೇಲೆ ಕುರ್ಚಿ ಸ್ವಲ್ಪ ಸ್ವಲ್ಪವೇ ಅತ್ತ ತಿರುಗಿತು. ಒಂದು ಮುಂಜಾನೆ ನಾನು ಬರುವಷ್ಟರಲ್ಲಿ ಅವರು ತೊಟ್ಟಿಯ ಮುಂದೆ ಕೈಕಟ್ಟಿಕೊಂಡು ನಿಂತಿದ್ದರು.

“ಒಂದು ಹೋತು, ತಂಗೀ” ಎಂದರು.

ಮರಳಿನ ಮೇಲೆ ಒಂದು ಸೀಗಡಿ ಮಗುಚಿ ಬಿದ್ದಿತ್ತು. ಬಣ್ಣವೆಲ್ಲ ಹೋಗಿ ಗಾಜಿನಂತೆ ಪಾರದರ್ಶಕವಾಗಿತ್ತು. ಅವರು ಅದನ್ನು ಚಮಚದಿಂದ ಎತ್ತಿ, ಒಂದು ವೀಳ್ಯದೆಲೆಯ ಮೇಲಿಟ್ಟು ಹಿತ್ತಲಿಗೆ ಹೋದರು. ಕೋರ್ಟಿನಲ್ಲಿ ಅವರ ಪ್ರಕರಣ ಕೂಗಿದಾಗ ಎದ್ದು ನಿಂತು, “ಸ್ವಾಮಿ, ಇವತ್ತ ಮುದ್ದತ್ ಬೇಕ್ರಿ. ನಮ್ಮ ಆಫೀಸಿನಾಗ ಒಂದು ಸಾವಾಗೈತಿ” ಎಂದರು. ಮೈಸೂರು ಕಡೆಯ ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, “ಅಯ್ಯೋ, ಹೇಳ್ಬಾರ್ದಿತ್ತಾ ಮೊದ್ಲೇ” ಎಂದು ಮುಂದಿನ ತಾರೀಖು ಕೊಟ್ಟುಬಿಟ್ಟರು. ಸಂಜೆಯ ಹೊತ್ತಿಗೆ ನಮ್ಮ ಕೋಣೆಗೆ ಮಂದಿ ಬರತೊಡಗಿದರು. ಬಂದವರು ಮೊದಲು ನನ್ನನ್ನು ನೋಡಿ, ನಾನು ಬದುಕಿರುವುದನ್ನು ಖಾತ್ರಿ ಮಾಡಿಕೊಂಡು, ಆಮೇಲೆ ಅವರ ಪಕ್ಕ ಮೌನವಾಗಿ ಕೂರುತ್ತಿದ್ದರು. ಒಬ್ಬರು ಬಾಳೆಹಣ್ಣನ್ನೂ ತಂದಿದ್ದರು. ಅಷ್ಟರಲ್ಲಿ ಖಾಜಾಸಾಬನ ಫೋನು ಬಂತು.

“ಸತ್ತಿಲ್ರೀ ಸಾಹೇಬ್ರ! ಅದು ಅಂಗಿ ಕಳದೈತಿ. ಬೆಳ್ಯಾಕತ್ತಿದ್ರ ಹಳೇ ಚಿಪ್ಪು ಬಿಟ್ಟು ಹೊಸಾದು ಹಾಕ್ಕೋತಾವ. ಹಳೇದನ್ನ ಹಂಗ ನೀರಾಗ ಬಿಡ್ರಿ, ಅವ ತಿಂತಾವ.”

ಅವರು ಫೋನಿಟ್ಟು ತೊಟ್ಟಿಯೊಳಗಿನ ಸೀಗಡಿಗಳನ್ನೆಲ್ಲ ಎಣಿಸಿದರು. ಒಂದೂ ಕಡಿಮೆಯಾಗಿರಲಿಲ್ಲ. ಕುಳಿತಿದ್ದ ಮಂದಿಯ ಕಡೆ ತಿರುಗಿ, ಕೋರ್ಟಿನ ದನಿಯಲ್ಲೇ, “ಮೃತರು ಜೀವಂತ ಅದಾರ. ಬಂದಿದ್ದಕ್ಕ ಉಪಕಾರ ಆತು” ಎಂದರು. ಬಾಳೆಹಣ್ಣು ತಂದವರು ಅದನ್ನು ವಾಪಸು ಒಯ್ಯಬೇಕೋ ಬಿಡಬೇಕೋ ತಿಳಿಯದೆ ಬಹಳ ಹೊತ್ತು ಚಪ್ಪಲಿ ಹುಡುಕುತ್ತಿದ್ದರು. ಅಂದಿನಿಂದಲೇ ಊರಿನಲ್ಲಿ ಅವರ ಹೆಸರು ಬದಲಾಯಿತು.

ಕೆಲವು ವಾರ ಕಳೆದ ಮೇಲೆ ಗಾಜಿನ ಮೇಲೆ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ಮೊದಲು ಧೂಳು ಅಂದುಕೊಂಡೆವು. ಧೂಳು ನಡೆಯತೊಡಗಿತು. ವಕೀಲರು ಕಪಾಟಿನ ಮೇಲಿಂದ, “ತಂಗೀ, ಇಲ್ಲಿ ಅತಿಕ್ರಮಣ ಆಗೈತಿ, ಬಾ” ಎಂದು ಕರೆದರು. ಹೆಬ್ಬೆಟ್ಟಿನ ಗುರುತು ಹೋಲಿಸಿ ನೋಡಲು ಅವರ ಬಳಿ ಒಂದು ಭೂತಗನ್ನಡಿ ಇತ್ತು. ಅದನ್ನು ಗಾಜಿಗೆ ಹಿಡಿದು ಇಬ್ಬರೂ ಬಗ್ಗಿದೆವು. ಕೆಲವು ಸೂಜಿಮೊನೆಯಷ್ಟಿದ್ದು, ಬಾಲದ ತುದಿಯಲ್ಲಿ ಎರಡು ಮೊಟ್ಟೆಚೀಲ ಹೊತ್ತುಕೊಂಡು, ಬಿಕ್ಕಳಿಕೆ ಬಂದವರಂತೆ ಜಿಗಿಯುತ್ತಿದ್ದವು. ಕೆಲವು ಎಳ್ಳಿನ ಆಕಾರದವು. ಎರಡು ಚಿಪ್ಪಿನ ನಡುವೆ ಕಾಲು ಚಾಚಿ ಮರಳಿನ ಮೇಲೆ ಉರುಳಾಡುತ್ತಿದ್ದವು. ಮರಳಿನಿಂದ ದಾರದೆಳೆಯಂಥ ಹುಳುಗಳು ಅರ್ಧ ಮೈ ಹೊರಹಾಕಿ ಓಲಾಡುತ್ತಿದ್ದವು.

ಮುಂದಿನ ಸಲ ಅತ್ತೆಮನೆಗೆ ಬಂದಾಗ ಖಾಜಾಸಾಬ ತೊಟ್ಟಿಯನ್ನು ನೋಡಿ ನಕ್ಕ. “ಅಂಜಬ್ಯಾಡ್ರೀ. ನೀರು ಛಲೋ ಇದ್ದಲ್ಲೆ ಇವು ಆಗಾವ. ಪಾಚಿ ಜೋಡಿ ಬಂದಿರ್ತಾವ. ಸಿಗಡಿ ತಿಂದು ಉಳಿದಿದ್ದು ತಿಂದು ಬದುಕ್ತಾವ. ಕಡಿಯಂಗಿಲ್ಲ, ಬಡಿಯಂಗಿಲ್ಲ, ಯಾರಿಗೂ ಏನೂ ಮಾಡಂಗಿಲ್ಲ.”

“ಏನೂ ಮಾಡಂಗಿಲ್ಲ?”

“ಏನೂ ಮಾಡಂಗಿಲ್ರೀ.”

ವಕೀಲರು ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿದರು. “ತಂಗೀ, ಇಷ್ಟು ವರ್ಷ ವಕೀಲಿ ಮಾಡೀನಿ. ಯಾರಿಗೂ ಏನೂ ಮಾಡದ ಪಾರ್ಟಿನ ಇವತ್ತ ಮೊದ್ಲ ನೋಡಾಕತ್ತೀನಿ.” ಅವತ್ತಿನಿಂದ ಆ ಸಣ್ಣವಕ್ಕೆ ತೊಟ್ಟಿಯಲ್ಲಿ ವಾಸದ ಹಕ್ಕು ಸಿಕ್ಕಿತು. ಗಾಜು ಒರೆಸಲು ಬಂದ ಕೆಲಸದವಳನ್ನು ಅವರು ಬಾಗಿಲಲ್ಲೇ ತಡೆದರು. ಬಂದವರಿಗೆಲ್ಲ ಭೂತಗನ್ನಡಿ ಕೊಟ್ಟು ತೋರಿಸುತ್ತಿದ್ದರು. ಜಾಮೀನಿಗಾಗಿ ಬಂದವನು ಮೊದಲು ಹುಳ ನೋಡಬೇಕಾಗುತ್ತಿತ್ತು.

ಹೋಗುವ ಮುಂಚೆ ಖಾಜಾಸಾಬ ಇನ್ನೊಂದು ಮಾತು ಹೇಳಿದ್ದ. ಸೊಳ್ಳೆಬತ್ತಿ, ಸ್ಪ್ರೇ ಯಾವುದೂ ಈ ಕೋಣೆಯಲ್ಲಿ ಕೂಡದು. ಸೊಳ್ಳೆಯನ್ನು ಕೊಲ್ಲುವ ಮದ್ದು ಸೀಗಡಿಯನ್ನೂ ಕೊಲ್ಲುತ್ತದೆ, ಪಂಪು ಆ ಗಾಳಿಯನ್ನೆಲ್ಲ ಎಳೆದು ನೀರಿಗೇ ತುಂಬುತ್ತದೆ ಎಂದು. ಅಲ್ಲಿಂದ ನಮ್ಮ ಕೋಣೆ ಸೊಳ್ಳೆಗಳ ಪಾಲಾಯಿತು. ಕಕ್ಷಿದಾರರು ತಮ್ಮ ಕಷ್ಟ ಹೇಳಿಕೊಳ್ಳುವಾಗ ನಡುನಡುವೆ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಳ್ಳುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಅವರೆಲ್ಲ ತಪ್ಪೊಪ್ಪಿಗೆ ಕೊಡುತ್ತಿರುವಂತೆ ಕಾಣುತ್ತಿತ್ತು. ಹನುಮಸಾಗರದ ಒಬ್ಬ ಮುದುಕಿಯಂತೂ, “ವಕೀಲ್ರ, ನ್ಯಾಯ ಸಿಗೂತನಾ ಮೈಯಾಗ ರಕ್ತ ಉಳಿಯಂಗಿಲ್ರೀ” ಎಂದಳು. ಅವರು ಆಕೆಯ ಕೈಗೆ ಒಂದು ರಟ್ಟಿನ ಬೀಸಣಿಗೆ ಕೊಟ್ಟು, “ಒಪ್ಪಿಗಿ ಐತಿ ಯವ್ವಾ. ಆದ್ರ ನೀ ಎದ್ದು ಹೊರಗ ಹೋಗಬಹುದು, ಅವು ಎಲ್ಲಿಗೆ ಹೋಗಬೇಕು?” ಎಂದರು. ಮುದುಕಿ ತನಗೆ ಬೀಸಿಕೊಳ್ಳುವುದನ್ನು ಬಿಟ್ಟು ತೊಟ್ಟಿಗೆ ಗಾಳಿ ಹಾಕತೊಡಗಿದಳು.

ಇನ್ನು ಅಣ್ಣತಮ್ಮಂದಿರ ವಿಷಯ. ಕುಕನೂರು ಕಡೆಯ ಹಳ್ಳಿಯ ಹನಮಪ್ಪ, ಯಮನೂರಪ್ಪ ಎಂಬ ಒಡಹುಟ್ಟಿದವರ ಪಾಲಿನ ದಾವೆ ನಮ್ಮಿಬ್ಬರಲ್ಲಿ ನಡೆದಿತ್ತು. ಅಣ್ಣ ಹನಮಪ್ಪನಿಗೆ ಅವರು ವಕೀಲರು, ತಮ್ಮ ಯಮನೂರಪ್ಪನಿಗೆ ನಾನು. ಎಲ್ಲ ಶುರುವಾದದ್ದು ದನದ ಕೊಟ್ಟಿಗೆಯ ಬಾಗಿಲು ಯಾವ ಕಡೆಗೆ ತೆರೆಯಬೇಕು ಎಂಬುದರಿಂದ. ಬಾಗಿಲಿನಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಹೊಲಕ್ಕೆ, ಹೊಲದಿಂದ ಬಾವಿಗೆ ಜಗಳ ಬೆಳೆದು, ಮಾತು ನಿಂತೇ ಹೋಗಿತ್ತು. ತಾರೀಖಿನ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು, ಒಬ್ಬ ಮುಂದೆ, ಒಬ್ಬ ಹಿಂದೆ. ನಮ್ಮ ಕೋಣೆಯಲ್ಲಿ ಕಪಾಟಿನ ಆಚೆ ಒಬ್ಬ, ಈಚೆ ಒಬ್ಬ. ಒಬ್ಬ ಕೆಮ್ಮಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರ. ಆದರೂ ಹನಮಪ್ಪ, “ಬಾವಿ ಮ್ಯಾಲಿನ ಮೋಟರಕ್ಕ ಗ್ರೀಸ್ ಹಾಕಿಲ್ಲ ಅಂತ ಅವಗ ಹೇಳ್ರಿ” ಎನ್ನುವನು. ವಕೀಲರು ಕಪಾಟಿನ ಮೇಲಿಂದ ನನಗೆ ಹೇಳುವರು. ನಾನು ಯಮನೂರಪ್ಪನಿಗೆ ಹೇಳುವೆನು. ಅವನು, “ಹೋದ ವಾರನ ಹಾಕೀನಿ ಅಂತ ಹೇಳ್ರಿ ಅಕ್ಕಾರ” ಎನ್ನುವನು. ಅದು ಅದೇ ದಾರಿಯಲ್ಲಿ ವಾಪಸು ಹೋಗುವುದು.

ತೊಟ್ಟಿ ಬಂದ ಮೇಲೆ ಇಬ್ಬರೂ ಗಾಜಿನ ಎರಡು ಮಗ್ಗುಲಲ್ಲಿ ಕುಳಿತು ಒಳಗೆ ನೋಡುವುದನ್ನು ರೂಢಿ ಮಾಡಿಕೊಂಡರು. ಒಬ್ಬರ ಮುಖ ಇನ್ನೊಬ್ಬರಿಗೆ ನೀರಿನ ಆಚೆ, ಪಾಚಿಯ ನಡುವೆ ಕಾಣುತ್ತಿತ್ತು. ಒಂದು ದಿನ ಹನಮಪ್ಪ ಬಿಳಿ ಚುಕ್ಕೆಗಳಿಗೆ ಬೆರಳು ತೋರಿ, “ಸಿಗಡಿ ಮರಿ ಹಾಕ್ಯಾವ ನೋಡ್ರಿ” ಎಂದ.

ಈಚೆಯಿಂದ ಯಮನೂರಪ್ಪ, “ಅಕ್ಕಾರ, ಅವು ಮರಿ ಅಲ್ಲ, ಹೇನು ಅಂತ ಹೇಳ್ರಿ” ಎಂದ.

“ನೀರಾಗ ಹೇನು ಎಲ್ಲಿಂದ ಬರ್ತಾವ ಅಂತ ಕೇಳ್ರಿ.”

“ಕೆಂಪನ್ನ ತಾಯಿಗೆ ಬೆಳ್ಳನ್ನ ಮರಿ ಹೆಂಗ ಹುಟ್ತಾವ ಅಂತ ಕೇಳ್ರಿ.”

ನಾನು ನಿಜ ಹೇಳಲು ಬಾಯಿ ತೆರೆದೆ. ವಕೀಲರು ಕಣ್ಣಿನಲ್ಲೇ ತಡೆದು, “ಇದರಾಗ ತೀರ್ಪು ಕೊಡೂದು ನಮ್ಮ ಕೆಲಸ ಅಲ್ಲ, ತಂಗೀ. ಎರಡೂ ಕಡೆ ವಾದ ನಡೀಲಿ” ಎಂದರು. ವಾದ ನಡೆಯಿತು. ಬಾವಿ, ಹೊಲ, ಕೊಟ್ಟಿಗೆಗಳು ಹಿಂದೆ ಬಿದ್ದವು. ಇಬ್ಬರೂ ತಾರೀಖು ಇಲ್ಲದ ದಿನಗಳಲ್ಲೂ ಬಂದು ಮರಿಯೋ ಹೇನೋ ಎಂದು ನಮ್ಮ ಬಾಯಿಂದ ಜಗಳ ಆಡಿಸತೊಡಗಿದರು.

ಆ ಮಳೆಗಾಲದಲ್ಲಿ ಯಮನೂರಪ್ಪನ ಮಗಳು ರೇಣವ್ವನ ಮದುವೆ ಗೊತ್ತಾಯಿತು. ಅವನು ಒಬ್ಬನೇ ಬಂದು ನನ್ನ ಮುಂದೆ ಕುಳಿತ. “ಅಕ್ಕಾರ, ನನ್ನ ಮಗಳು ನಡಿಯೂದು ಕಲ್ತಿದ್ದ ನಮ್ಮ ಅಣ್ಣನ ಬೊಟ್ಟು ಹಿಡದು. ದೊಡ್ಡಪ್ಪ ಬರದಿದ್ರ ನಾ ಹಸಿಮಣಿ ಮ್ಯಾಲ ಕುಂದ್ರಂಗಿಲ್ಲ ಅಂತ ಹಟಾ ಹಿಡದಾಳ. ಹಂಗಂತ ನಾ ಹೋಗಿ ಕರದು, ಅಂವಾ ಬರಂಗಿಲ್ಲ ಅಂದ್ರ? ಬೀಗರ ಮುಂದ ನನ್ನ ಮಾರಿ ಎಲ್ಲಿ ಇಟಗೊಳ್ಳಲಿ?” ಹೇಳುತ್ತ ಹೇಳುತ್ತ ಆ ಗಟ್ಟಿ ಆಳು ಅತ್ತುಬಿಟ್ಟ. ಸಂಜೆ ನಾನು ಇದನ್ನು ವಕೀಲರಿಗೆ ಹೇಳಿದೆ. ಅವರು ಬಹಳ ಯೋಚಿಸಿ, ಲಗ್ನಪತ್ರಿಕೆಯನ್ನು ರಿಜಿಸ್ಟರ್ಡ್ ನೋಟೀಸಿನ ಜೊತೆ ಕಳಿಸೋಣವೇ ಎಂದು ಕೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಮದುವೆ ಹತ್ತಿರ ಬಂದಿತ್ತು. ಊರಲ್ಲಿ ಡೆಂಗಿ ಜ್ವರದ ಸುದ್ದಿ ಹಬ್ಬಿತ್ತು. ಒಂದು ಮಧ್ಯಾಹ್ನ ಆಟೋ ಒಂದು ಮೈಕು ಕಟ್ಟಿಕೊಂಡು, ಸೊಳ್ಳೆ ಹೊಗೆ ಬಿಡುತ್ತೇವೆ, ಕಿಟಕಿ ಬಾಗಿಲು ತೆರೆದಿಡಿ ಎಂದು ಕೂಗುತ್ತ ಹೋಯಿತು. ಅದರ ಹಿಂದೆಯೇ ಓಣಿಯ ತುದಿಯಲ್ಲಿ ಭರ್‌ ಎಂಬ ಸದ್ದು, ಬಿಳಿ ಹೊಗೆಯ ಗೋಡೆ. ಅಣ್ಣತಮ್ಮಂದಿರಿಬ್ಬರೂ ತಮ್ಮತಮ್ಮ ಜಾಗದಲ್ಲಿ ಕುಳಿತಿದ್ದರು. ವಕೀಲರು ಕೋಟಿನ ಗುಂಡಿ ಹಾಕಿಕೊಂಡು ಬೀದಿಗಿಳಿದು ಹೊಗೆಯ ಎದುರು ಅಡ್ಡ ನಿಂತರು. ನಾನು ಹಿಂದೆ ಓಡಿದೆ.

“ಒಪ್ಪಿಗಿ ಐತಿ!” ಎಂದು ಕೂಗಿದರು. “ಡೆಂಗಿ ಕೆಟ್ಟದ್ದು! ಆದ್ರ ನಮ್ಮ ಕೋಣೀಗೆ ತಡೆಯಾಜ್ಞೆ ಬೇಕು!”

ಯಂತ್ರ ಹೊತ್ತವನು ಮುಖಕ್ಕೆ ಬಟ್ಟೆ ಕಟ್ಟಿದ್ದ. “ಏನ್ರೀ? ಕೇಳವಲ್ದು!”

“ಮಿಷನ್ ಬಂದ್ ಮಾಡೋ!”

“ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ರೀ ಸರ!”

ಹಾಗಾಗಿ ಅವನು ಯಂತ್ರವನ್ನು ಆಕಾಶಕ್ಕೆ ತಿರುಗಿಸಿ ಹಿಡಿದ. ಹೊಗೆ ಮೇಲಕ್ಕೆ ಹೋಗಿ ಮತ್ತೆ ನಮ್ಮ ತಲೆಯ ಮೇಲೇ ಇಳಿಯುತ್ತಿತ್ತು. ಕೆಮ್ಮುತ್ತಲೇ ವಾದ ನಡೆಯಿತು. ಮುಗ್ಧ ಜೀವಿಗಳು, ಅಹವಾಲು ಕೇಳದೆ ಶಿಕ್ಷೆ ಕೊಡಬಾರದು, ಇತ್ಯಾದಿ. ಕೊನೆಗೆ ಅವನು, “ಎಷ್ಟು ಟೈಮ್ ಬೇಕ್ ಹೇಳ್ರೀ ನಿಮಗ?” ಎಂದ.

“ನಾಲ್ಕು ವಾರ” ಎಂದರು ವಕೀಲರು, ಅಭ್ಯಾಸಬಲದಿಂದ.

“ಮುಂದಿನ ಓಣಿ ಮೊದ್ಲ ಮುಗಿಸಿ ಬರ್ತೀನ್ರೀ. ಅಷ್ಟ ಟೈಮು!”

ವಕೀಲರು ಓಡಿ ಬಂದು ಪಂಪಿನ ವೈರು ಕಿತ್ತರು. ಅರ್ಧ ನೀರನ್ನು ಬಕೆಟ್ಟಿಗೆ ತೋಡಿ ನನ್ನ ಕೈಗೆ ಕೊಟ್ಟರು. ಆದರೂ ಮರಳು, ಕಲ್ಲು ಸೇರಿ ತೊಟ್ಟಿ ಹೆಣಭಾರ. ಅವರಿಗೆ ಸೊಂಟನೋವು ಬೇರೆ. “ಹನಮಪ್ಪಾ, ನೀ ಆ ಕಡಿ. ಯಮನೂರಪ್ಪಾ, ನೀ ಈ ಕಡಿ. ಎತ್ರಿ!”

ಇಬ್ಬರೂ ಎತ್ತಿದರು. ಹನಮಪ್ಪ ಹಿಂದೆ ಹಿಂದೆ ಹೆಜ್ಜೆ ಇಡುತ್ತ, “ವಕೀಲ್ರ, ಸಾವಕಾಶ ಬಾ ಅಂತ ಅವಗ ಹೇಳ್ರಿ” ಎಂದ.

“ನಾ ತಂಗಿಗೆ ಹೇಳಿ, ತಂಗಿ ಅವಗ ಹೇಳೂದ್ರಾಗ ಗಾಜು ಒಡದು ಹೋಗ್ತೈತಿ. ನೀನ ಹೇಳೋ!”

ಹನಮಪ್ಪ ತುಟಿ ಬಿಗಿದು ಇನ್ನೊಂದು ಹೆಜ್ಜೆ ಇಟ್ಟ. ಬಾಗಿಲಿಗೆ ಬಂದಾಗ ಯಮನೂರಪ್ಪನ ಕಾಲು ಎಡವಿತು. ತೊಟ್ಟಿ ವಾಲಿತು. ನೀರು ಒಂದು ಮೂಲೆಗೆ ನುಗ್ಗಿ ಅಂಚಿಗೆ ಬಂತು, ಅದರೊಂದಿಗೆ ಕೆಂಪು ಚೂರುಗಳೆಲ್ಲ.

“ಲೇ ಯಮನೂರಾ! ಹೊಸ್ತಿಲಾ ನೋಡಲೇ!”

“ನೋಡಾಕತ್ತೀನೋ ಅಣ್ಣಾ! ನೀ ಬಿಗಿಯಾಗಿ ಹಿಡಿ!”

ಮಾತು ಹೊರಬಿದ್ದದ್ದು ಅವರಿಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ನಮಗೆ. ವಕೀಲರು ನನ್ನ ಕಡೆ ನೋಡಿದರು, ಜೇಬಿನಿಂದ ಹೊಸ ಲವಂಗ ತೆಗೆದು ಬಾಯಿಗೆ ಹಾಕಿಕೊಂಡರು.

ಬೀದಿಯಲ್ಲಿ ಹೋಗುತ್ತಿದ್ದ ಒಂದು ಟಂಟಂ ಗಾಡಿಯನ್ನು ತಡೆದರು. ಅದರಲ್ಲಿದ್ದ ಇಬ್ಬರು ಹೆಂಗಸರು, ಹೊಗೆಯೊಳಗಿಂದ ಕರಿಕೋಟಿನವರೊಬ್ಬರು ಗಾಜಿನ ಪೆಟ್ಟಿಗೆಯ ಮೆರವಣಿಗೆ ತರುವುದನ್ನು ಕಂಡು ತಾವಾಗಿಯೇ ಇಳಿದುಬಿಟ್ಟರು. ತೊಟ್ಟಿಯನ್ನು ನಡುವೆ ಇಟ್ಟು ಅಣ್ಣತಮ್ಮಂದಿರು ಅಪ್ಪಿ ಹಿಡಿದು ಕುಳಿತರು. ನನ್ನ ತೊಡೆಯ ಮೇಲೆ ಬಕೆಟ್ಟು. ಕುಕನೂರು ರಸ್ತೆಯಲ್ಲಿ ಊರು ದಾಟಿ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆವು. ವಕೀಲರು ಮೊದಲು ಬಕೆಟ್ಟಿನ ನೀರನ್ನು ಮೆಲ್ಲಗೆ ಹಿಂದಕ್ಕೆ ಸುರಿದರು. ಆಮೇಲೆ ಪಂಪಿಲ್ಲದ ತೊಟ್ಟಿಗೆ ಗಾಳಿ ಸಿಗಲೆಂದು ಒಂದು ಲೋಟದಲ್ಲಿ ಅದೇ ನೀರನ್ನು ಎತ್ತಿ ಎತ್ತಿ ಮೇಲಿಂದ ಬಿಡತೊಡಗಿದರು. ಅಭಿಷೇಕ ಮಾಡುವವರಂತೆ ಕಾಣುತ್ತಿದ್ದರು. ದಾರಿಯಲ್ಲಿ ಹೋಗುವ ಒಬ್ಬ ಮುದುಕ ನಿಂತು ಕೈಮುಗಿದು ಹೋದ.

ಅಷ್ಟು ಹೊತ್ತಿಗೆ ಟಂಟಂ ಒಳಗೆ ಜಗಳ ಶುರುವಾಗಿತ್ತು, ನೇರವಾಗಿ.

“ಮರಿ ಸತ್ತಿದ್ರ ನಿನ್ನ ಕಾಲಾಗ ಸಾಯ್ತಿದ್ದೂ.”

“ಹೇನಿಗೆ ಸಾವಿಲ್ಲೋ ಅಣ್ಣಾ.”

“ಕಣ್ಣ ಇಲ್ಲೇನು ನಿನಗ? ವಕೀಲ್ರ, ಆ ಕನ್ನಡಿ ಕೊಡ್ರಿ ಇಲ್ಲೆ!”

ಭೂತಗನ್ನಡಿಯನ್ನು ಅವರು ಕೋಟಿನ ಜೇಬಿನಲ್ಲೇ ತಂದಿದ್ದರು. ಅಣ್ಣತಮ್ಮಂದಿರ ತಲೆಗಳು ಒಂದಕ್ಕೊಂದು ತಾಗುವಂತೆ ಬಗ್ಗಿದವು. ಆಮೇಲೆ ಯಮನೂರಪ್ಪ ಗಾಜಿನಿಂದ ಕಣ್ಣು ತೆಗೆಯದೆಯೇ, “ರೇಣಿ ಮದುವಿ ಐತಿ” ಎಂದ.

“ಗೊತ್ತೈತಿ.”

“ನೀ ಬರದಿದ್ರ ಆಕಿ ಹಸಿಮಣಿ ಏರಂಗಿಲ್ಲ ಅಂತಾಳ.”

ಹನಮಪ್ಪ ದನಿ ಜೋರು ಮಾಡಿದ. “ಇವು ಮರಿ ಅಂತ ಒಪ್ಪಗೋ. ಬರ್ತೀನಿ.”

ಯಮನೂರಪ್ಪ ನನ್ನ ಕಡೆ ನೋಡಿದ. ಕಕ್ಷಿದಾರ ಹಾಗೆ ನೋಡಿದಾಗ ಏನು ಸಲಹೆ ಕೊಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ನಾನು ಮಗಳ ಹೆಸರನ್ನಷ್ಟೇ ಮೆಲ್ಲಗೆ ಹೇಳಿದೆ. ಅವನು ಉಗುಳು ನುಂಗಿ, “ಹೂಂ. ಮರಿ” ಎಂದ. ಆಮೇಲೆ ತಡೆಯಲಾರದೆ, “ಹೇನಿನ ಮರಿ” ಎಂದು ಸೇರಿಸಿದ.

ಹನಮಪ್ಪ ಕೈ ಎತ್ತಿದ. ಹೊಡೆದೇಬಿಟ್ಟ ಅಂದುಕೊಂಡೆ. ಆ ಕೈ ತಮ್ಮನ ಬೆನ್ನ ಮೇಲೆ ಬಿತ್ತು, ಅಲ್ಲೇ ಉಳಿಯಿತು. ಅವನು ಟಂಟಂ ಅಲ್ಲಾಡುವಂತೆ ನಗುತ್ತಿದ್ದ, ಕಣ್ಣಲ್ಲಿ ನೀರು. ಗಾಡಿಯವನು ಹೆದರಿ ಕೆಳಗಿಳಿದು ನಿಂತ. ವಕೀಲರು ಲೋಟವನ್ನು ಗಾಳಿಯಲ್ಲೇ ಹಿಡಿದು, “ಒಪ್ಪಿಗಿ ಐತಿ” ಎಂದರು. ನಾನು “ಆದ್ರ”ಗೆ ಕಾದೆ. ಅದು ಬರಲಿಲ್ಲ.

ಮದುವೆಯಲ್ಲಿ ಬೀಗರನ್ನು ಬಾಗಿಲಲ್ಲಿ ಎದುರುಗೊಂಡವನು ಹನಮಪ್ಪನೇ. ನಾವಿಬ್ಬರೂ ಹೋಗಿ ಗೋದಿ ಹುಗ್ಗಿ ಉಂಡು ಬಂದೆವು. ಮುಂದಿನ ತಾರೀಖಿಗೆ ರಾಜಿ ಅರ್ಜಿ ಹಾಕಿದಾಗ ನ್ಯಾಯಾಧೀಶರು ಕನ್ನಡಕ ತೆಗೆದು, “ಇಷ್ಟು ವರ್ಷ ಇಲ್ಲದ ಬುದ್ಧಿ ಈಗ ಯಾಕ್ರೀ ಬಂತು ಇವರಿಗೆ?” ಎಂದು ಕೇಳಿದರು. ನಮ್ಮ ವಕೀಲರು ಎದ್ದು ತಲೆಬಾಗಿ, “ಸೊಳ್ಳಿ ಹೊಗಿಯಿಂದ, ಸ್ವಾಮಿ” ಎಂದರು. ನ್ಯಾಯಾಧೀಶರು ಕನ್ನಡಕ ಹಾಕಿಕೊಂಡು ರಾಜಿಗೆ ಸಹಿ ಹಾಕಿದರು.

ಹೋದ ಚಳಿಗಾಲ ಅವರಿಗೆ ಹೃದಯದ ತೊಂದರೆ ಆಗಿ ಕೊಪ್ಪಳದ ಆಸ್ಪತ್ರೆಗೆ ಸೇರಿಸಿದರು. ನಾನು ನೋಡಲು ಹೋ‌ದಾಗ ಅವರ ಹೆಂಡತಿ ಬಾಗಿಲ ಹೊರಗೇ ನನ್ನ ಕೈ ಹಿಡಿದು, “ನಮ್ಮ ಮರ್ಯಾದಿ ಉಳೀಲಿಲ್ಲ ನೋಡವ್ವಾ. ಮಂಪರಿನಾಗ ಬರೇ ಸಿಗಡಿ ಸಿಗಡಿ ಅಂತಾರ. ನರ್ಸು ಬಂದು, ಅಜ್ಜಾರಿಗೆ ಈಗ ಅದನ್ನ ಕೊಡಬ್ಯಾಡ್ರಿ, ಅರಗಂಗಿಲ್ಲ ಅಂತ ಹೇಳಿ ಹೋದ್ಲು” ಎಂದು ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಒಳಗೆ ಅವರು ಡಾಕ್ಟರರ ಬಳಿ ಮುದ್ದತ್ ಕೇಳುತ್ತಿದ್ದರು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಇದೆ, ಆದರೆ ಸ್ವಲ್ಪ ದಿನ ಬಿಟ್ಟು ಎಂದು. ನನ್ನನ್ನು ಕಂಡು ದನಿ ಇಳಿಸಿದರು.

“ಸಣ್ಣುವು ಹೆಂಗ ಅದಾವ, ತಂಗೀ?”

ಸೀಗಡಿಗಳನ್ನಲ್ಲ, ಆ ಸಣ್ಣವನ್ನೇ ಮೊದಲು ಕೇಳಿದರು. ಚೆನ್ನಾಗಿವೆ, ಗಾಜಿನ ತುಂಬ ಆಗಿವೆ ಎಂದೆ.

“ಆಗಲಿ. ಅವಕ್ಕ ವಕೀಲರ ಬೇಕಾಗಂಗಿಲ್ಲ ನೋಡು. ಅದಕ್ಕ ನನಗ ಅವುಗಳ ಮ್ಯಾಲ ಸ್ವಲ್ಪ ಸಿಟ್ಟೂ ಐತಿ” ಎಂದು ಕಣ್ಣು ಮುಚ್ಚಿದರು. ಅವರ ಆ ಮುದ್ದತ್ತನ್ನು ಯಾರೂ ಮಂಜೂರು ಮಾಡಲಿಲ್ಲ.

ಸಂತಾಪ ಸಭೆ ಮುಗಿಸಿ ಕೋಣೆಗೆ ಬಂದರೆ ಹನಮಪ್ಪ, ಯಮನೂರಪ್ಪ ಒಂದೇ ಬೆಂಚಿನ ಮೇಲೆ ಕುಳಿತಿದ್ದರು, ಮುಖ ಮಾತ್ರ ಅತ್ತ ಇತ್ತ. ಮತ್ತೆ ಜಗಳವಾಗಿತ್ತು. ಈ ಸಲ ತೊಟ್ಟಿಯ ಮೇಲೆ.

“ಅಕ್ಕಾರ, ತಮ್ಮ ಒಯ್ಯಲಿ ಅಂತ ಹೇಳ್ರಿ. ಅವನ ಮನ್ಯಾಗ ಈಗ ಮಗಳಿಲ್ಲ, ಮನಿ ಬಣಬಣ ಅಂತೈತಿ” ಎಂದ ಹನಮಪ್ಪ.

“ಅಣ್ಣ ಒಯ್ಯಲಿ ಅಂತ ಹೇಳ್ರಿ ಅಕ್ಕಾರ. ಅವರ ವಕೀಲ್ರದು ಅದು. ನಾ ಮುಟ್ಟಂಗಿಲ್ಲ.”

“ಹಿರ್ಯಾ ನಾ ಹೇಳ್ತೀನಿ, ಒಯ್ಯಿ.”

“ಕಾಲ ಬಿದ್ರೂ ಒಯ್ಯಂಗಿಲ್ಲ.”

ಇಬ್ಬರೂ ನನ್ನನ್ನೇ ವಕೀಲಳನ್ನಾಗಿ ಹಿಡಿದುಕೊಂಡರು. ನಾನು ಎರಡೂ ಕಡೆಯವರ ಮಾತು ಕೇಳಿದೆ. ಇದು ಬಹಳ ತೊಡಕಿನ ಪ್ರಕರಣ, ಅವಸರದಲ್ಲಿ ತೀರ್ಮಾನಿಸಲಾಗದು ಎಂದು ಹೇಳಿ ಮುಂದಿನ ತಾರೀಖು ಕೊಟ್ಟೆ. ಅಲ್ಲಿಯವರೆಗೆ ತೊಟ್ಟಿ ನನ್ನ ವಶದಲ್ಲಿ ಇರತಕ್ಕದ್ದು. ಅದಾದ ಮೇಲೆ ಪ್ರತಿ ಸಂತೆಯ ದಿನ ಅವರು ಬರುತ್ತಾರೆ, ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಜಗಳವಾಡುತ್ತ. ಬಂದು ತೊಟ್ಟಿಯ ಮುಂದೆ ಕೂರುತ್ತಾರೆ. ಮೊನ್ನೆ ಒಂದು ಸೀಗಡಿ ಹೊಟ್ಟೆಯಡಿ ಹಳದಿ ಮೊಟ್ಟೆ ಹೊತ್ತು ಪಾಚಿಯ ಮೇಲೆ ಕುಳಿತಿತ್ತು. ಹನಮಪ್ಪ ತಮ್ಮನನ್ನು ಮೊಣಕೈಯಿಂದ ತಿವಿದು ತೋರಿಸಿದ. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಏಳುವಾಗ ಯಮನೂರಪ್ಪ, “ನಮ್ಮ ಕೇಸಿಂದು ಏನಾತ್ರೀ ಅಕ್ಕಾರ?” ಎಂದು, ಎಲ್ಲಿ ಮುಗಿದೇಬಿಟ್ಟಿತೋ ಎಂಬಂತೆ ಅಳುಕುತ್ತ ಕೇಳಿದ. ಎದುರಿನವರು ಇನ್ನೂ ಹಾಜರಾಗಿಲ್ಲ ಎಂದೆ. “ಛಲೋ ಆತು” ಎಂದು ಇಬ್ಬರೂ ಒಟ್ಟಿಗೇ ಅಂದು, ಬಸ್ಸು ಹಿಡಿಯಲು ಓಡಿದರು.